ಎಂ.ಎ. ಸೂಡು

ಮೆಟ್ರಿಕ್‌ಗೆ ಕೂತು ಫೇಲಾದವರೂ ಅದನ್ನೊಂದು ಪದವಿಯ ಹಾಗೆ ಹೇಳಿಕೊಂಡು ತಿರುಗುತ್ತಿದ್ದ ಕಾಲ ಅದು. ಅಂಥ ಕಾಲದಲ್ಲಿ ಹುಮನಾಬಾದಿನ ನಮ್ಮ ಶಾಲೆಯಲ್ಲಿ ಎಂ.ಎ. ಪಾಸಾದ ಮನುಷ್ಯನೊಬ್ಬ ಸಣ್ಣ ಮಕ್ಕಳಿಗೆ ಲೆಕ್ಕ ಕಲಿಸುತ್ತಿದ್ದ. ಹೆಸರು ಏಕನಾಥ. ಓದಿದ್ದು ಅರ್ಥಶಾಸ್ತ್ರ, ಅದೂ ಹೈದರಾಬಾದಿನಲ್ಲಿ, ಉರ್ದುವಿನಲ್ಲಿ. ಆದರೆ ತನ್ನ ಹೆಸರಿನ ಮುಂದೆ ಆ ಎರಡಕ್ಷರವನ್ನು ಅವನು ಎಲ್ಲಿಯೂ ಬರೆಯಲಿಲ್ಲ. ಯಾರಾದರೂ ಬಾಯಿ ತುಂಬ ‘ಎಂ.ಎ. ಸಾಹೇಬ್ರು’ ಎಂದು ಕರೆದರೆ ಕೇಳಿಸದವನ ಹಾಗೆ ಪಕ್ಕದ ಓಣಿಗೆ ತಿರುಗಿಬಿಡುತ್ತಿದ್ದ. ಊರಿನವರು ಇದನ್ನು ವಿನಯ ಎಂದು ತಿಳಿದು ಕೊಂಡಾಡಿದರು. ವಿನಯವೂ ಅಲ್ಲ, ಮಣ್ಣೂ ಅಲ್ಲ. ಅದು ನಾಚಿಕೆ. ನಾನು ಅವನ ಜೊತೆಗೇ ಮಾಸ್ತರನಾಗಿದ್ದವನು. ಅರ್ಧ ಕಥೆಯನ್ನು ಅವನ ಬಾಯಿಂದಲೂ ಉಳಿದರ್ಧವನ್ನು ನನ್ನ ಸೋದರತ್ತೆ ಸೋನುಬಾಯಿಯ ಬಾಯಿಂದಲೂ ಕೇಳಿದ್ದೇನೆ. ಇಬ್ಬರ ಮಾತುಗಳೂ ಒಂದಕ್ಕೊಂದು ತಾಳೆಯಾಗುತ್ತವೆ. ನಾಚಿಕೆಯ ವಿಷಯದಲ್ಲಿ ಹಾಗೆ ತಾಳೆಯಾಗುವುದು ಅಪರೂಪ.

ಏಕನಾಥನ ಊರು ಕಲ್ಯಾಣದ ಹತ್ತಿರದ ಒಂದು ಸಣ್ಣ ಹಳ್ಳಿ. ಈಗ ಬಸವಕಲ್ಯಾಣ ಅನ್ನುತ್ತಾರೆ, ಆಗ ಅದು ಕಲ್ಯಾಣಿ. ಅಪ್ಪ ಇವನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡ. ಅವ್ವ ಗಯಾಬಾಯಿಗೆ ಅಂಗೈಯಗಲ ಹೊಲವೂ ಇರಲಿಲ್ಲ. ಎಳ್ಳಮಾಸೆ ಹಬ್ಬ ಮುಗಿದು ಬಿಳಿಜೋಳ ಒಣಗುವ ಹೊತ್ತಿಗೆ ಆ ಕಡೆಯ ಹೆಂಗಸರು ಗುಂಪು ಕಟ್ಟಿಕೊಂಡು ಹುಮನಾಬಾದಿನ ಸುತ್ತಿನ ಎರೆಹೊಲಗಳಿಗೆ ಕೊಯ್ಲಿಗೆ ಬರುತ್ತಿದ್ದರು. ಗಯಾಬಾಯಿಯೂ ಬರುತ್ತಿದ್ದಳು, ನಮ್ಮತ್ತೆಯೂ ಬರುತ್ತಿದ್ದಳು. ವರ್ಷಾವರ್ಷ ಅದೇ ಹೊಲ, ಅದೇ ಧಣಿ. ಪಾಟೀಲ ಮಹಾರುದ್ರಪ್ಪನ ದನದ ಕೊಟ್ಟಿಗೆಯ ಒಂದು ಮಗ್ಗುಲಲ್ಲಿ ಹೆಂಗಸರ ಬಿಡಾರ. ಏಕನಾಥ ಬೆಳೆದದ್ದು ಆ ಕೊಟ್ಟಿಗೆಯಲ್ಲಿಯೇ ಎಂದರೂ ತಪ್ಪಲ್ಲ.

ಇಲ್ಲಿ ಕೂಲಿಯ ವಿಷಯ ಹೇಳಲೇಬೇಕು. ಕೊಯ್ದ ಜೋಳವನ್ನು ತೆನೆಸಮೇತ ಒಟ್ಟುಮಾಡಿ, ದಂಟನ್ನೇ ಹುರಿಯಾಗಿ ಹೊಸೆದು ಬಿಗಿದರೆ ಅದು ಒಂದು ಸೂಡು. ಧಣಿಯ ಸೂಡುಗಳಿಗೆ ಒಂದೇ ದಂಟಿನ ಹುರಿ. ಸಂಜೆಯಾದ ಮೇಲೆ ಪ್ರತಿಯೊಬ್ಬಳಿಗೂ ಕೂಲಿಯೆಂದು ಒಂದು ಸೂಡು, ಅದನ್ನು ಅವಳೇ ಕಟ್ಟಿಕೊಳ್ಳಬೇಕು. ಆ ಸೂಡಿಗೆ ಹೆಂಗಸರು ಎರಡು ದಂಟನ್ನು ಗಂಟು ಹಾಕಿ ಉದ್ದ ಮಾಡಿದ ಹುರಿ ಬಳಸುತ್ತಿದ್ದರು. ಹುರಿ ಉದ್ದವಾದಷ್ಟೂ ಸೂಡಿನ ಹೊಟ್ಟೆ ದೊಡ್ಡದು. ಕಾಳು ತುಂಬಿದ ತೆನೆಗಳನ್ನು ಮಧ್ಯಾಹ್ನವೇ ಆರಿಸಿ ಬದುವಿನ ಕಡೆಗೆ ಸರಿಸಿ ಇಟ್ಟಿರುತ್ತಿದ್ದರು, ಅವು ಆ ಹೊಟ್ಟೆಯೊಳಗೆ ಹೋಗುತ್ತಿದ್ದವು. ಧಣಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಆ ಹೊತ್ತಿಗೆ ಅವನು ಬೆನ್ನು ತಿರುಗಿಸಬೇಕಾಗಿತ್ತು. ಬಾವಿಗೆ ಹೋಗಿ ಕಾಲು ತೊಳೆಯಲಿ, ಎತ್ತಿನ ಮೈ ಸವರಲಿ, ಏನಾದರೂ ಮಾಡಲಿ, ನೋಡಬಾರದು. ನೋಡುತ್ತ ನಿಂತವನ ಹೊಲಕ್ಕೆ ಮರುವರ್ಷ ಕೈಚುರುಕಿನ ಹೆಂಗಸರು ಹೋಗುತ್ತಿರಲಿಲ್ಲ. ಕೊಟ್ಟೆ ಎಂದು ಅವನು ಅನ್ನುತ್ತಿರಲಿಲ್ಲ, ತಗೊಂಡೆ ಎಂದು ಇವರೂ ಅನ್ನುತ್ತಿರಲಿಲ್ಲ. ಅಪ್ಪನ ಕಾಲದಿಂದ, ಅಜ್ಜನ ಕಾಲದಿಂದ ಹಾಗೆಯೇ ನಡೆದಿತ್ತು.

ಮಹಾರುದ್ರಪ್ಪ ಕೆಟ್ಟವನಲ್ಲ. ಕೊಟ್ಟಿಗೆಯಲ್ಲಿ ಆಡಿಕೊಂಡಿದ್ದ ಏಕನಾಥನ ತಲೆ ಚುರುಕಾಗಿದೆ ಎಂದು ಮೊದಲು ಗುರುತಿಸಿದವನೇ ಅವನು. ಹುಮನಾಬಾದಿನ ಶಾಲೆಗೆ ಸೇರಿಸಿದ. ಮುಂದೆ ಏಕನಾಥ ತನ್ನ ಬುದ್ಧಿಯಿಂದಲೇ ಸರ್ಕಾರದ ವಜೀಫೆ, ಅಂದರೆ ವಿದ್ಯಾರ್ಥಿವೇತನ, ಹಿಡಿದು ಹೈದರಾಬಾದಿಗೆ ಹೋದ. ವಜೀಫೆ ಇರುವುದಕ್ಕೆ ಸಾಕಾಗುತ್ತಿತ್ತು, ಹೊಟ್ಟೆಗೆ ಸಾಲುತ್ತಿರಲಿಲ್ಲ. ಗಯಾಬಾಯಿ ತನ್ನ ಕೂಲಿ ಸೂಡಿನ ಜೋಳ ಬೀಸಿ, ಖಡಕ್ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕುಟ್ಟಿ, ಗಂಟು ಕಟ್ಟಿ, ಆ ಕಡೆ ಹೋಗುವ ಮೋಟಾರಿನವರ ಕೈಗೆ ಕೊಟ್ಟು ಕಳಿಸುತ್ತಿದ್ದಳು.

ಆ ಗಂಟು ಬಂದ ದಿನ ಏಕನಾಥನಿಗೆ ಮುಜುಗರ. ಹಾಸ್ಟೆಲಿನಲ್ಲಿ ಅವನ ಸುತ್ತ ಇದ್ದವರು ಜಾಗೀರದಾರರ ಮಕ್ಕಳು, ವಕೀಲರ ಮಕ್ಕಳು. ಖಡಕ್ ರೊಟ್ಟಿ ಮುರಿದರೆ ಸಪ್ಪಳವಾಗುತ್ತದಲ್ಲ, ಆ ಸಪ್ಪಳ ಯಾರಿಗೂ ಕೇಳಬಾರದೆಂದು ಅದನ್ನು ನೀರಿನಲ್ಲಿ ನೆನೆಸಿ, ಎಲ್ಲರೂ ಊಟಕ್ಕೆ ಹೋದ ಮೇಲೆ ತಿನ್ನುತ್ತಿದ್ದನಂತೆ. ಇದನ್ನು ಕೇಳಿದಾಗ ನನಗೆ ಅವನ ಕಪಾಳಕ್ಕೆ ಬಿಗಿಯಬೇಕು ಅನ್ನಿಸಿತ್ತು. ರೊಟ್ಟಿ ಬಡಿಯುವವಳಿಗೆ ಎಷ್ಟು ತೋಳು ನೋಯುತ್ತದೆ ಎಂದು ಅವನಿಗೆ ಗೊತ್ತಿಲ್ಲದ್ದೇ? ಆದರೆ ಬೈಯುವ ಮೊದಲೇ ಅವನು ತಲೆ ತಗ್ಗಿಸಿದ.

ಎಂ.ಎ. ಎರಡನೆಯ ವರ್ಷ. ಪರೀಕ್ಷೆಯ ಜೊತೆಗೆ ಸ್ವಂತ ತಪಾಸಣೆಯಿಂದ ಒಂದು ಪ್ರಬಂಧವನ್ನೂ ಬರೆಯಬೇಕಿತ್ತು. ಅವನಿಗೆ ಕಲಿಸುತ್ತಿದ್ದ ಮೊಹಿನುದ್ದೀನ್ ಸಾಹೇಬರು ಬಹಳ ಕಟ್ಟುನಿಟ್ಟಿನವರು. ಏಕನಾಥ ಮೊದಲು ಬರೆದುಕೊಂಡು ಹೋದದ್ದನ್ನು ಎರಡು ಹಾಳೆ ತಿರುವಿ ವಾಪಸು ಕೊಟ್ಟರು. ಇದೆಲ್ಲ ವಿಲಾಯತಿನವರು ಬರೆದದ್ದು, ನಿನ್ನ ನಾಡಿನ ಬಗ್ಗೆ ಯಾರೂ ಬರೆಯದಿದ್ದದ್ದನ್ನು ತಂದರೆ ಮಾತ್ರ ಓದುತ್ತೇನೆ ಎಂದರು. ಅವನಿಗೆ ದಿಗಿಲಾಯಿತು. ಪಾಸಾಗದೆ ಊರಿಗೆ ಹೋಗುವುದೆಂದರೆ ಅವ್ವನ ಎದುರು ಹ್ಯಾಗೆ ನಿಲ್ಲುವುದು? ಆ ದಿಗಿಲಿನಲ್ಲಿ ಕೂಲಿ ಸೂಡು ನೆನಪಿಗೆ ಬಂತು. ಕೊಯ್ಲಿನ ಕೂಲಿ ಲೆಕ್ಕದಲ್ಲಿ ಕಾಣುವುದಕ್ಕಿಂತ ಹೆಚ್ಚಾಗಿರುತ್ತದೆ, ಅದು ಹ್ಯಾಗೆ ಎಂದು ನಾನು ತೋರಿಸಬಲ್ಲೆ ಎಂದು ಹೋಗಿ ಹೇಳಿದ. ಸಾಹೇಬರ ಮುಖ ಅರಳಿತು. ನಾನೇ ಬಂದು ನೋಡುತ್ತೇನೆ ಎಂದುಬಿಟ್ಟರು.

ಮಾಘದಲ್ಲಿ ಇಬ್ಬರೂ ಬಂದರು. ಮಗನಿಗೆ ಕಲಿಸುವ ಸಾಹೇಬರು ಬರುತ್ತಾರೆಂದು ಗಯಾಬಾಯಿ ತನ್ನ ಇದ್ದೊಂದು ಒಳ್ಳೆಯ ಸೀರೆಯನ್ನು ಒಗೆದು ಉಟ್ಟುಕೊಂಡಿದ್ದಳು. ಅದನ್ನು ಉಟ್ಟು ಕೊಯ್ಲು ಮಾಡಿದರೆ ದಂಟಿಗೆ ಸಿಕ್ಕು ಹರಿಯುತ್ತದೆ ಎಂದು ನಮ್ಮತ್ತೆ ಗದರಿದರೂ ಕೇಳಲಿಲ್ಲ. ಅವತ್ತು ಅವಳು ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ಕೊಯ್ದಳು. ಮಗ ಏನೋ ಕೇಳುವುದು, ಸಾಹೇಬರು ಏನೋ ಬರೆದುಕೊಳ್ಳುವುದು, ಇದನ್ನೆಲ್ಲ ನೋಡುತ್ತ ಅವಳಿಗೆ ಎಲ್ಲಿಲ್ಲದ ಹಿಗ್ಗು. ಸಂಜೆ ಕೂಲಿ ಸೂಡು ಕಟ್ಟುವಾಗ ತನ್ನ ಕೆಲಸ ಮಗನ ಗುರುಗಳ ಕಣ್ಣಿಗೆ ಚೆಂದ ಕಾಣಲಿ ಎಂದು ಎಂದೂ ಕಟ್ಟದಂಥ ಸೂಡು ಕಟ್ಟಿದಳು. ತೆನೆಗಳೆಲ್ಲ ಒಂದೇ ಮಟ್ಟಕ್ಕೆ, ಹುರಿ ಬಿಗಿಯಾಗಿ, ಇಬ್ಬರು ಎತ್ತಬೇಕು ಅನ್ನುವ ಹಾಗಿತ್ತು ಎಂದು ನಮ್ಮತ್ತೆ ಹೇಳುತ್ತಾಳೆ.

ಮಹಾರುದ್ರಪ್ಪ ಪದ್ಧತಿಯಂತೆ ಬಾವಿಯ ಕಡೆ ಹೊರಟಿದ್ದ. ಏಕನಾಥ ಅವನನ್ನು ಕೂಗಿ ವಾಪಸು ಕರೆದ. ತಕ್ಕಡಿ ಅವನದು, ಹಿಡಿಯುವುದಕ್ಕೆ ಇನ್ನೊಬ್ಬರು ಬೇಕಾಗಿತ್ತು. ಅಂದಿನ ತನಕ ಆ ಹೊಲದಲ್ಲಿ ಆ ವೇಳೆಗೆ ಧಣಿಯನ್ನು ಯಾರೂ ಕೂಗಿರಲಿಲ್ಲ. ಏಕನಾಥ ಧಣಿಯ ಒಂದು ಸೂಡನ್ನು ತೂಗಿಸಿದ. ಆಮೇಲೆ ಕೈಗೆ ಹತ್ತಿರ ಇದ್ದ ಕೂಲಿ ಸೂಡನ್ನು ತೂಗಿಸಿದ. ಅದು ಗಯಾಬಾಯಿಯದು. ಹೆಚ್ಚು ಕಡಿಮೆ ಇಮ್ಮಡಿ ತೂಕ ಬಂತು. ಏಕನಾಥ ಉತ್ಸಾಹದಲ್ಲಿ ಹುರಿಯ ಗಂಟನ್ನು ಬೆರಳಿಟ್ಟು ತೋರಿಸಿ, ಎರಡು ದಂಟು ಕೂಡಿಸುವುದು ಹ್ಯಾಗೆ, ಒಳ್ಳೆಯ ತೆನೆ ಎಲ್ಲಿ ಇಟ್ಟಿರುತ್ತಾರೆ, ಎಲ್ಲವನ್ನೂ ಉರ್ದುವಿನಲ್ಲಿ ಬಿಡಿಸಿ ಬಿಡಿಸಿ ಹೇಳಿದ. ಉರ್ದು ಹೆಂಗಸರಿಗೂ ತಿಳಿಯುತ್ತದೆ. ನಿಜಾಮರ ರಾಜ್ಯದಲ್ಲಿ ಹುಟ್ಟಿದವರು, ಮಾತಾಡಲು ಬರದಿದ್ದರೂ ತಮ್ಮ ಬಗ್ಗೆ ಆಡಿದ ಮಾತು ಗೊತ್ತಾಗದೇ ಇರುತ್ತದೆಯೇ?

ಸಾಹೇಬರು ‘ಬಹುತ್ ಖೂಬ್’ ಎಂದರು. ಆಮೇಲೆ ಮಹಾರುದ್ರಪ್ಪನ ಕಡೆ ತಿರುಗಿ, ಇದು ನಿಮಗೆ ಗೊತ್ತಿತ್ತೇ ಎಂದು ಕೇಳಿದರು.

ಮಹಾರುದ್ರಪ್ಪ ತಕ್ಕಡಿಯ ಹಗ್ಗವನ್ನು ಹಿಡಿದೇ ನಿಂತಿದ್ದ. ಸಾಹೇಬರ ಕೋಟು ನೋಡಿದ, ಕೈಯಲ್ಲಿದ್ದ ಹಾಳೆ ನೋಡಿದ. ಹೈದರಾಬಾದಿನಿಂದ ಬಂದವರು, ಸರ್ಕಾರದವರೇ ಇರಬೇಕು. ಗೊತ್ತಿತ್ತು ಎಂದರೆ ತನ್ನ ಮನೆಯ ಮಾಲನ್ನು ಕಾಯಲಾರದ ದಡ್ಡ ಎಂದಾರು.

“ಇಲ್ರಿ ಸಾಹೇಬ್ರ, ನನಗ ಗೊತ್ತಿದ್ದಿಲ್ಲ” ಎಂದ.

ಆಗ ಗಯಾಬಾಯಿ ಮುಂದೆ ಬಂದಳು. ತಕ್ಕಡಿಯಿಂದ ತನ್ನ ಸೂಡನ್ನು ಇಳಿಸಿ, ಹುರಿ ಬಿಚ್ಚಿ, ತೆನೆಗಳನ್ನು ನೆಲದ ಮೇಲೆ ಹರಡಿದಳು. ಒಂದೇ ದಂಟಿನ ಹುರಿ ಹೊಸೆದು ಅದಕ್ಕೆ ಹಿಡಿಸುವಷ್ಟನ್ನು ಕಟ್ಟಿಕೊಂಡು, ಉಳಿದದ್ದನ್ನು ಎತ್ತಿ ಧಣಿಯ ರಾಶಿಗೆ ಹಾಕಿದಳು. ಮಗನ ಕಡೆ ನೋಡಲಿಲ್ಲ. ಅವಳ ಹಿಂದೆ ನಮ್ಮತ್ತೆ ಬಿಚ್ಚಿದಳು, ಮತ್ತೊಬ್ಬಳು ಬಿಚ್ಚಿದಳು, ಎಲ್ಲರೂ ಬಿಚ್ಚಿದರು. ಯಾರೂ ಯಾರನ್ನೂ ಬೈಯಲಿಲ್ಲ. ಸಾಹೇಬರಿಗೆ ಇದೇನೆಂದು ತಿಳಿಯಲಿಲ್ಲ, ಏಕನಾಥನಿಗೆ ತಿಳಿಯಿತು. ಕಾಲ ಕೆಳಗಿನ ಎರೆಮಣ್ಣು ಬಿರುಕುಬಿಟ್ಟಿತ್ತು, ಅದರೊಳಗೆ ಇಳಿದುಹೋಗಬೇಕು ಅನ್ನಿಸಿತು ಎಂದು ಅವನು ನನಗೆ ಹೇಳಿದ.

ಇಷ್ಟಕ್ಕೇ ನಿಂತಿದ್ದರೆ ವಯಸ್ಸಿನ ಹುಮ್ಮಸ್ಸು ಎಂದು ನಾನು ಬಿಟ್ಟುಬಿಡುತ್ತಿದ್ದೆ. ಆದರೆ ಅವನು ಹೈದರಾಬಾದಿಗೆ ಹೋಗಿ ಬರೆಯುವುದಕ್ಕೆ ಕೂತ. ಮೊದಲು ಇದ್ದದ್ದನ್ನು ಇದ್ದ ಹಾಗೆ ಬರೆದ. ಹೊಲದ ಧಣಿಗೆ ಎಲ್ಲ ಗೊತ್ತಿರುತ್ತದೆ, ಆ ಹೊತ್ತಿಗೆ ಅವನು ಬೆನ್ನು ತಿರುಗಿಸುತ್ತಾನೆ, ಇದು ಕೂಲಿಯ ಒಂದು ಭಾಗವೇ ಎಂದು ಬರೆದ. ಮೊಹಿನುದ್ದೀನ್ ಸಾಹೇಬರು ಅಲ್ಲಿ ಗೆರೆ ಎಳೆದು ವಾಪಸು ಕೊಟ್ಟರು. ಧಣಿ ನನ್ನ ಎದುರಿಗೇ ಗೊತ್ತಿರಲಿಲ್ಲ ಎಂದನಲ್ಲ, ನೀನು ಚಿಕ್ಕವನಿದ್ದಾಗ ಕಂಡದ್ದು ಪುರಾವೆಯಾಗುವುದಿಲ್ಲ ಎಂದರು. ಅವರು ಮೋಸದ ಮನುಷ್ಯರಲ್ಲ, ತಮ್ಮ ಶಾಸ್ತ್ರದ ನಿಯಮ ಹೇಳಿದರು. ಆ ಸಾಕ್ಷಿ ಸುಳ್ಳೆಂದು ಏಕನಾಥ ಹೇಳಬಹುದಾಗಿತ್ತು. ಸೂಡು ಕಟ್ಟಿದವಳು ನನ್ನ ಅವ್ವ, ಅವಳನ್ನೇ ಕರೆದು ಕೇಳಿ ಎನ್ನಬಹುದಾಗಿತ್ತು. ಆದರೆ ಆ ಹೆಂಗಸು ತನ್ನ ತಾಯಿ ಎಂದು ಸಾಹೇಬರಿಗೆ ಅವನು ಹೇಳಿಯೇ ಇರಲಿಲ್ಲ. ಎಂ.ಎ. ಹೋದೀತು ಎಂಬ ಹೆದರಿಕೆ ಒಂದು, ಈ ನಾಚಿಕೆ ಇನ್ನೊಂದು. ಬೆನ್ನು ತಿರುಗಿಸುವ ಮಾತನ್ನು ಹೊಡೆದುಹಾಕಿ, ಹೆಚ್ಚಿನ ಜೋಳವನ್ನು ಕೂಲಿಯವರು ‘ಧಣಿಗೆ ತಿಳಿಯದಂತೆ’ ಒಯ್ಯುತ್ತಾರೆ ಎಂದು ಬರೆದ. ಪ್ರಬಂಧಕ್ಕೆ ಎಲ್ಲರಿಗಿಂತ ಹೆಚ್ಚು ಅಂಕ ಬಂದವು.

ಪಾಸಾದ ಸುದ್ದಿ ಬಂದಾಗ ಕಲ್ಯಾಣದಲ್ಲಿ ಅವನಿಗೆ ಹಾರ ಹಾಕಿದರು. ಹೈದರಾಬಾದಿನ ಕಚೇರಿಯೊಂದರಲ್ಲಿ ನೌಕರಿ ಸಿಗುವುದು ಖಾತ್ರಿಯಾಗಿತ್ತು. ಸೇರುವ ಮೊದಲು ಇನ್ನೊಮ್ಮೆ ಅವ್ವನನ್ನು ನೋಡಿಹೋಗೋಣ ಎಂದು ಬಂದವನು ಹುಮನಾಬಾದಿನ ಪೇಟೆಯಲ್ಲಿ ಇಳಿದ. ಮತ್ತೆ ಕೊಯ್ಲಿನ ದಿನಗಳು. ಚಿಟಗುಪ್ಪದ ಕಡೆಯಿಂದ ಬಂದ ಕೆಲವು ಹೆಂಗಸರು ಕೂಲಿಯ ಜೋಳ ಮಾರಲು ಕೂತು, ಇಷ್ಟೇ ಇಷ್ಟು ಎಂದು ಗೊಣಗುತ್ತಿದ್ದರು. ಅವರ ಬಾಯಲ್ಲಿ ಎರಡು ಮೂರು ಸಲ ‘ಎಂ.ಎ. ಸೂಡು’ ಎಂಬ ಮಾತು ಬಂತು. ಏಕನಾಥ ನಿಂತು, ಹಾಗೆಂದರೇನು ಎಂದು ಕೇಳಿದ. ಮುದುಕಿಯೊಬ್ಬಳು ಅವನನ್ನು ಹೊರಗಿನ ಊರಿನವನೆಂದು ತಿಳಿದು ಬಿಡಿಸಿ ಹೇಳಿದಳು.

“ಈಗ ಧಣಿಗೋಳ ಆಳs ಕಟ್ಟಿ ಕೊಡ್ತಾರ್ರಿ ಕೂಲಿ ಸೂಡ, ಒಂದs ದಂಟಿನ ಹುರಿ ಹಾಕಿ. ಕಲ್ಯಾಣದ ಕಡ್ಯಾಂವ ಯಾವನೋ ಎಂ.ಎ. ಓದಾಕ ಹೋಗಿದ್ದನಂತ. ಅಂವ ಬಂದು ತೂಗಿ ತೋರಿಸ್ಯಾನಂತರಿ.”

ಮಹಾರುದ್ರಪ್ಪನ ಹೊಲದಲ್ಲಿ ಶುರುವಾದದ್ದು ಒಂದೇ ವರ್ಷದಲ್ಲಿ ಸುತ್ತಿನ ಹಳ್ಳಿಗಳಿಗೆಲ್ಲ ಹಬ್ಬಿತ್ತು. ಪದವಿ ಅವನಿಗಿಂತ ಮುಂಚೆಯೇ ಹುಮನಾಬಾದು ಸೇರಿತ್ತು.

ಅವನು ಅಲ್ಲಿಂದ ನೇರವಾಗಿ ಪಾಟೀಲನ ಮನೆಗೆ ಹೋದ. ಮೊದಲಿನ ಹಾಗೆ ನಡೆಸಿರಿ ಎಂದು ಕೈಮುಗಿದು ಕೇಳಿದ. ಮಹಾರುದ್ರಪ್ಪ ಅವನನ್ನು ಕೂರಿಸಿ, ಚಹಾ ತರಿಸಿದ. ಆಮೇಲೆ ಆಡಿದ ಮಾತನ್ನು ಏಕನಾಥ ನನಗೆ ಒಂದಕ್ಷರ ಬಿಡದೆ ಹೇಳಿದ್ದಾನೆ.

“ನಮ್ಮಪ್ಪನ ಕಾಲದಿಂದ ಗೊತ್ತದ ತಮ್ಮಾ ನನಗ. ಆದ್ರ ನೀ ನನ್ನ ಕರದು, ನನ್ನ ಕೈಲೆನೇ ತೂಗಿಸಿದಿ. ಅವರ ಮುಂದ ನಾ ಗೊತ್ತಿದ್ದಿಲ್ಲ ಅಂದೆ. ಈಗ ಹ್ಯಾಂಗ ಬೆನ್ನ ತಿರುವಲಿ? ತಿರುವಿದ್ರ ಆ ಹೆಣ್ಣಮಕ್ಕಳರೇ ದೊಡ್ಡ ಸೂಡ ಕಟ್ಟತಾರೇನು? ಕೇಳಿ ನೋಡು.”

ಅವನು ಹೇಳಿದ್ದು ನಿಜವಾಗಿತ್ತು. ಮೊದಲ ವರ್ಷ ಒಬ್ಬಿಬ್ಬರು ಧಣಿಗಳು ಹಳೆಯ ಹಾಗೆ ಬಾವಿಯ ಕಡೆ ಹೋದರೂ ಹೆಂಗಸರು ಎರಡು ದಂಟಿನ ಹುರಿಗೆ ಕೈ ಹಾಕಲಿಲ್ಲವಂತೆ. ನಮ್ಮತ್ತೆಯನ್ನು ಯಾಕೆ ಎಂದು ಕೇಳಿದರೆ, ಬೆನ್ನ ಹಿಂದೆ ಕಟ್ಟುವುದಕ್ಕೆ ಈಗ ನಾಚಿಕೆಯಾಗುತ್ತದೆ ಎಂದಳು. ಮೊದಲು ನಾಚಿಕೆ ಇರಲಿಲ್ಲವೇ ಎಂದೆ. ಮೊದಲು ಅದು ನಮ್ಮದಾಗಿತ್ತು ಎಂದಳು.

ಏಕನಾಥ ಹೈದರಾಬಾದಿನ ನೌಕರಿಗೆ ಹೋಗಲಿಲ್ಲ. ಹುಮನಾಬಾದಿನಲ್ಲೇ ಮಾಸ್ತರಿಕೆ ಹಿಡಿದು, ಮಾಣಿಕನಗರದ ಹತ್ತಿರ ಒಂದು ಖೋಲಿ ಬಾಡಿಗೆಗೆ ತೆಗೆದುಕೊಂಡು, ಅವ್ವನನ್ನು ಕರೆದುಕೊಂಡು ಬಂದ. ನೌಕರಿ ಬಿಟ್ಟರೆ ಪಾಪ ತೊಳೆಯುತ್ತದೆ ಎಂದುಕೊಂಡಿದ್ದನೋ ಏನೋ. ನಾನು ಎಷ್ಟೋ ಸಲ ಜಗಳವಾಡಿದೆ. ಹೈದರಾಬಾದಿಗೆ ಹೋಗಿ ಸಾಹೇಬರಿಗೆ ನಿಜ ಹೇಳು, ಬರೆದದ್ದನ್ನು ತಿದ್ದು ಎಂದೆ. ನಾಳೆ ಹೋಗುತ್ತೇನೆ, ರಜೆಗೆ ಹೋಗುತ್ತೇನೆ ಎನ್ನುತ್ತಿದ್ದ. ಹೋಗಲೇ ಇಲ್ಲ. ನಾಚಿಕೆಪಡುವುದರಲ್ಲಿ ಅವನಷ್ಟು ಗಟ್ಟಿಗನನ್ನು ನಾನು ಕಂಡಿಲ್ಲ, ಆದರೆ ಅದರಿಂದ ಒಂದು ಹೆಜ್ಜೆ ಮುಂದಿಡುವುದು ಅವನಿಂದ ಆಗಲಿಲ್ಲ.

ಗಯಾಬಾಯಿ ಒಂದು ದಿನವೂ ಮಗನನ್ನು ಆಡಿಕೊಳ್ಳಲಿಲ್ಲ. ಕೊಯ್ಲಿಗೆ ಹೋಗುವುದನ್ನು ಮಾತ್ರ ಬಿಟ್ಟಳು. ಬೆನ್ನು ನೋಯುತ್ತದೆ ಎನ್ನುತ್ತಿದ್ದಳು. ಊಟವೂ ಕಡಿಮೆಯಾಯಿತು. ರೊಟ್ಟಿ ಬಡಿದು ಮಗನ ಮುಂದೆ ಇಡುವಳು, ತಾನು ಅರ್ಧ ತಿಂದು ಎದ್ದುಬಿಡುವಳು. ಏಕನಾಥ ಅವಳನ್ನು ವೈದ್ಯರ ಬಳಿ ಕರೆದುಕೊಂಡು ಹೋದ. ವೈದ್ಯರು ಏನೂ ಇಲ್ಲ ಎಂದರು.

ಒಂದು ಶುಕ್ರವಾರ. ನಿಜಾಮರ ರಾಜ್ಯದಲ್ಲಿ ಶಾಲೆಗೆ ಅಂದೇ ವಾರದ ರಜೆ. ಮಧ್ಯಾಹ್ನ ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು, ಏಕನಾಥ ಎದುರಿಗೆ ತಾಟು ಇಟ್ಟುಕೊಂಡು ಕೂತಿದ್ದ. ಇವತ್ತಾದರೂ ನನ್ನ ಜೊತೆ ಸರಿಯಾಗಿ ಊಟ ಮಾಡು ಎಂದು ಅವನು ಹಟ ಹಿಡಿದ. ಬಡಿಯುತ್ತಿದ್ದ ಕೈ ನಿಂತಿತು. ಎಷ್ಟೋ ವರ್ಷಗಳಿಂದ ಒಳಗೆ ಇಟ್ಟುಕೊಂಡಿದ್ದ ಮಾತನ್ನು ಅವಳು ಆಗ ಕೇಳಿದಳು.

“ಏಕ್ಯಾ, ನಾ ನಿನಗ ಕಳವಿನ ಜ್ವಾಳ ತಿನಿಸಿ ಬೆಳಸೀನೇನೋ?”

ಅವನು ಇಲ್ಲವ್ವ ಎಂದ. ಅವಳು ಅಷ್ಟಕ್ಕೆ ಬಿಡಲಿಲ್ಲ.

“ನಿನ್ನ ಆ ಕಿತಾಬಿನ್ಯಾಗ ಹಂಗಂತ ಬರದಿಲ್ಲಲಾ? ನಿಮ್ಮವ್ವ ಕಳ್ಳಿ ಅಂತ?”

‘ಧಣಿಗೆ ತಿಳಿಯದಂತೆ’ ಎಂದು ತನ್ನ ಕೈಯಾರೆ ಬರೆದದ್ದು ಅವನ ಕಣ್ಣಮುಂದೆ ಬಂತು. ಹೇಳುವುದಾದರೆ ಅದೇ ಗಳಿಗೆಯಲ್ಲಿ ಹೇಳಬೇಕಾಗಿತ್ತು. ಅವನು ಅವಳ ಮುಖ ನೋಡಿದ. “ಇಲ್ಲವ್ವಾ, ಹಂಗ ಬರದಿಲ್ಲ” ಎಂದ.

ಗಯಾಬಾಯಿ ದೊಡ್ಡದೊಂದು ಉಸಿರು ಬಿಟ್ಟಳು.

“ಆತು ಬಿಡು. ಓದಿದಾಂವ ನೀ. ನೀ ಇಲ್ಲಂದ್ರ ಇಲ್ಲ.”

ಇನ್ನೊಂದು ತಾಟು ತಂದು ಮಗನ ಎದುರಿಗೆ ಕೂತಳು. ಬಿಸಿ ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿಕೊಂಡು, ಹೊಟ್ಟೆ ತುಂಬ ತಿಂದಳು. ಮಗನಿಗೂ ಬಡಿಸಿದಳು. ಅವಳು ನೋಡುತ್ತಿದ್ದಳೆಂದು ಅವನು ಒಂದೊಂದು ತುತ್ತನ್ನೂ ನೀರು ಕುಡಿದು ಕುಡಿದು ನುಂಗಿದ.

ಆ ಸಂಜೆ ಅವನು ನನ್ನ ಮನೆಗೆ ಬಂದು ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ಹೇಳಿದ. ನಾನು ಸಮಾಧಾನ ಮಾಡಲು ಹೋಗಿ, ಅವ್ವನಿಗೆ ನೆಮ್ಮದಿಯಾಯಿತಲ್ಲ, ಒಂದು ಸುಳ್ಳಿನಿಂದ ಏನಾಯಿತು ಎಂದೆ. ಅವನು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ.

“ನಾ ಎಂ.ಎ. ಓದೀನಿ ಅಂತ ನನ್ನ ಮಾತ ನಂಬಿದಳೋ” ಎಂದ. ನಾನು ಅವನ ಪಕ್ಕದಲ್ಲಿ ಕೂತೆ.